ಬೇಲಿ ಮೇಲಿನದು ಅದಕ್ಕೆ, ಕೆಳಗಿನದು ನಮಗೆ

ಈ ವಾರ ಕೊಬ್ಬರಿ ರೇಟಿನ ಬಗ್ಗೆ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮ ಹಿತ್ತಲ ಬೇಲಿ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ. ಡೈರಿಗೆ ಹಾಲು ಹಾಕಿ ಬಂದು ನಿಧಾನಕ್ಕೆ ಕೂತ್ಕೊಂಡು ಓದಿ.

ರಾಗಿ ಕೊಯ್ದು ಮೆದೆ ಒಟ್ಟಿದ್ದಾಗಿದೆ. ಒಕ್ಕಣೆಗೆ ಇನ್ನೂ ಹದಿನೈದು ದಿನ ಟೈಮಿದೆ. ಅವರೆಕಾಯಿ ಈಗ ಹೂವು ಬಿಟ್ಟು ಕಾಯಿ ಕಟ್ತಾ ಇದೆ. ವರ್ಷದಲ್ಲಿ ನಮ್ಮಂಥವರಿಗೆ ಉಸಿರು ಬಿಡೋಕೆ ಸಿಗೋದು ಈ ಎರಡು ವಾರ ಮಾತ್ರ. ಇದೇ ಹೊತ್ತಿಗೆ ಬೆಂಗಳೂರಿಂದ ಮಗ ಫೋನ್ ಮಾಡಿ, ಸೊಸೆ ಮೊಮ್ಮಗಳನ್ನ ಕರ್ಕೊಂಡು ಬರ್ತೀನಿ, ಒಂದು ತಿಂಗಳು ಇಲ್ಲೇ ಬಿಟ್ಟಿರ್ತೀನಿ ಅಂದ. ಮಗುಗೆ ಹನ್ನೊಂದು ತಿಂಗಳು. ಅಂಬೆಗಾಲು ಮುಗಿದು ಈಗ ಗೋಡೆ ಹಿಡ್ಕೊಂಡು ನಡೆಯುತ್ತಂತೆ.

ಫೋನ್ ಇಟ್ಟ ತಕ್ಷಣ ನಮ್ಮನೆಯವಳು ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ರೀ, ಈ ಬೇಲಿ ತೆಗೆಸಿಬಿಡಿ."

ನಮ್ಮ ಹಿತ್ತಲು ನೋಡಿದವರಿಗೆ ಗೊತ್ತು. ಮನೆ ಹಿಂದೆ ಕೊಟ್ಟಿಗೆ, ಕೊಟ್ಟಿಗೆ ಹಿಂದೆ ತಿಪ್ಪೆ, ಅದರಾಚೆ ನೂರಾ ನಲವತ್ತು ಅಡಿ ಉದ್ದದ ಜೀವಂತ ಬೇಲಿ. ಅಪ್ಪನ ಕಾಲದ್ದು. ಹೊಂಗೆ, ಬೇವು, ಲಕ್ಕಿ, ಗೊಬ್ಬರದ ಗಿಡ, ನಡುನಡುವೆ ಕಳ್ಳಿ, ಕತ್ತಾಳೆ. ಅದರ ಮೇಲೆ ಉಗನಿ ಹಂಬು, ತೊಂಡೆ ಹಂಬು ಹಬ್ಬಿ ಚಪ್ಪರ ಆಗಿದೆ. ಬುಡದಲ್ಲಿ ಲಂಟಾನ ಸೇರ್ಕೊಂಡು ಕೈ ಹಾಕೋಕಾಗದಷ್ಟು ಪೊದೆ. ಬೇಲಿಯ ಒಂದು ತುದಿ ನಮ್ಮ ತೆಂಗಿನ ತೋಟಕ್ಕೆ ತಾಗುತ್ತೆ, ಇನ್ನೊಂದು ತುದಿ ಊರಿನ ಗುಂಡುತೋಪಿನ ಹುಣಸೆ ಮರಗಳಿಗೆ.

ಅವಳ ಮಾತಲ್ಲಿ ನ್ಯಾಯ ಇತ್ತು. 2019ರ ಕೊನೆ, 2020ರ ಶುರುವಿನಲ್ಲಿ ನಮ್ಮ ಹೆಬ್ಬೂರು ಸುತ್ತಮುತ್ತ ಚಿರತೆ ಬಾಯಿಗೆ ಸಿಕ್ಕಿ ಜನ ಸತ್ತದ್ದು ನೀವು ಯಾರೂ ಮರೆತಿರಲ್ಲ. ಮನೆ ಹತ್ತಿರ ಪೊದೆ ಬೆಳೆಸಬೇಡಿ ಅಂತ ಆಗ ಎಲ್ಲರೂ ಹೇಳಿದ್ರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನಾನು ಟಾರ್ಚ್ ಹಿಡಿದು ಮೋಟರ್ ಹತ್ತಿರ ಹೋಗ್ತೀನಿ. ಆಮೇಲೆ ಮನೇಲಿ ಇರೋಳು ಅವಳೊಬ್ಬಳೇ. ಬೇಲಿ ಒಳಗೆ ಏನಾದ್ರೂ ಸರಕ್ ಅಂದ್ರೆ ಎದ್ದು ಕೂತು ಕೇಳಿಸ್ಕೊಳ್ಳೋಳು ಅವಳು. ಹಸು ಕರು ಹಾಕೋ ರಾತ್ರಿ ಕೊಟ್ಟಿಗೆಗೆ ನಾಲ್ಕು ಸಲ ಎದ್ದು ಹೋಗೋಳೂ ಅವಳೇ. ಈಗ ಮಗು ಬೇರೆ ಬರ್ತಾ ಇದೆ.

ಅದಕ್ಕೆ ತಕ್ಕಂಗೆ ಸೋಮವಾರ ಜೆಸಿಬಿ ಊರಿಗೆ ಬರೋದಿತ್ತು, ಪಕ್ಕದ ತೋಟದ ಅಣ್ಣ ಕಪ್ಪು ತೆಗೆಸೋಕೆ ಹೇಳಿದ್ರು. "ಒಂದು ಗಂಟೆ ನಿಮ್ಮ ಕಡೆ ಬಿಟ್ಟರೆ ಬೇಲಿ ಬುಡಸಮೇತ ಹೋಗುತ್ತೆ, ಸಾವಿರದ ಇನ್ನೂರು ಕೊಡು, ಆಮೇಲೆ ಕಲ್ಲುಕಂಬ ನೆಟ್ಟು ಮೆಶ್ ಹಾಕ್ಕೋ, ಒಂದು ಅಳ್ಳಿಯೂ ನುಸುಳಲ್ಲ" ಅಂದ್ರು. ಶನಿವಾರ ಭಾನುವಾರ ಹಿತ್ತಲಲ್ಲಿ ಇರೋ ಸಾಮಾನು, ಸೌದೆ, ಮಟ್ಟೆ ಎಲ್ಲ ತೆಗೆದು ಜೆಸಿಬಿಗೆ ದಾರಿ ಮಾಡೋಣ, ಆಗಲೇ ಬೇಲಿ ಪೂರ್ತಿ ನೋಡಿ ತೀರ್ಮಾನ ಮಾಡೋಣ ಅಂತ ನಾವಿಬ್ಬರೂ ಮಾತಾಡ್ಕೊಂಡ್ವಿ. ಆಳು ಕರೆಯಲಿಲ್ಲ. ಈಗ ಆಳಿಗೆ ಕೊಡೋ ಕೂಲಿ, ಮಧ್ಯಾಹ್ನದ ಊಟ, ಟೀ ಎಲ್ಲ ಲೆಕ್ಕ ಹಾಕಿದ್ರೆ ನಮ್ಮ ಸೊಂಟವೇ ವಾಸಿ.

ಶನಿವಾರ ಬೆಳಿಗ್ಗೆ ಮೊದಲು ಹಿಡಿದದ್ದು ಮಟ್ಟೆ ಗುಡ್ಡೆ. ಕೊಟ್ಟಿಗೆ ಗೋಡೆಗೆ ಒರಗಿಸಿ ಎರಡು ವರ್ಷದಿಂದ ಬಿದ್ದಿದ್ದ ತೆಂಗಿನ ಮಟ್ಟೆ. ಬರಿಗೈ ಹಾಕಲಿಲ್ಲ. ಉದ್ದದ ಕೋಲಿನ ಕೊಂಡಿಯಲ್ಲಿ ಎಳೆದು, ಆಮೇಲೆ ಸಲಿಕೆ. ಕಾಲಿಗೆ ಗಮ್‌ಬೂಟು. ಅರ್ಧ ಗುಡ್ಡೆ ಸರಿಯೋ ಹೊತ್ತಿಗೆ ಇಲಿಗೂಡು ಸಿಕ್ತು, ಅದರ ಹಿಂದೆಯೇ ಆರಡಿ ಉದ್ದದ ಪೊರೆ. ನಮ್ಮನೆಯವಳು ಹಾರಿ ಹಿಂದೆ ಸರಿದಳು. ಪೊರೆ ಹಿಡಿದು ನೋಡಿದೆ. ಉದ್ದ ನೋಡಿದ್ರೆ ಕೇರೆ ಹಾವಿನದ್ದು ಅನ್ನಿಸ್ತು. ಇಲಿ ತಿನ್ನೋಕೆ ಬಂದಿರೋದು, ವಿಷ ಇಲ್ಲ. ಆದ್ರೆ ಕೇರೆಗೆ ಸಿಕ್ಕೋ ಇಲಿ ಕೊಳಕುಮಂಡಲಕ್ಕೂ ಸಿಗುತ್ತೆ ಅನ್ನೋದು ನೆನಪಿರಲಿ. ಇಲಿ ಇದ್ದ ಕಡೆ ಹಾವು ಬರುತ್ತೆ. ಅದಕ್ಕೇ ಮಟ್ಟೆ, ಸೌದೆ, ಹಳೆ ಹೆಂಚು ಯಾವುದನ್ನೂ ಮನೆ ಗೋಡೆಗೆ ಒರಗಿಸಿ ಇಡಬೇಡಿ. ನಾವು ಸೌದೆಯನ್ನ ಕಲ್ಲು ಚಪ್ಪಡಿ ಮೇಲೆ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಮನೆಯಿಂದ ಮೂವತ್ತು ಹೆಜ್ಜೆ ದೂರ ಒಟ್ಟಿದ್ವಿ. ಮಟ್ಟೆಯೆಲ್ಲ ತೆಂಗಿನ ಪಾತಿಗೆ ಹೋಯ್ತು, ಬೇಸಿಗೆಗೆ ತೇವ ಹಿಡಿಯುತ್ತೆ.

ಹಾವಿನ ಮಾತು ಬಂತು ಅಂತ ಇನ್ನೊಂದು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದೆ. ಯಾಕೆ ಅಂದ್ರೆ ಲೆಕ್ಕಕ್ಕೇ ಸಿಗದೆ ಸಾಯ್ತಿದ್ದ ಜನ ಅಷ್ಟು. ಕಡಿದ್ರೆ ಹಗ್ಗ ಬಿಗಿಯೋದು, ಕೊಯ್ಯೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಕಡಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆ. ಔಷಧಿ ಅಲ್ಲಿದೆ, ನಾಟಿ ಬೇರಿನಲ್ಲಿ ಇಲ್ಲ.

ಮಧ್ಯಾಹ್ನದ ಮೇಲೆ ತಿಪ್ಪೆ ಕೆದಕಿದ್ವಿ. ಹಳೇ ಗೊಬ್ಬರ ತೋಟಕ್ಕೆ ಹೊಡೆಯಬೇಕಿತ್ತು. ಗುದ್ದಲಿ ಹಾಕಿದ ಕಡೆಯೆಲ್ಲ ಹೆಬ್ಬೆರಳು ಗಾತ್ರದ ಬಿಳಿ ಹುಳ, ತಲೆ ಕಂದು, ಮೈ ಬಾಗಿಸಿಕೊಂಡು ಬಿದ್ದಿರುತ್ತೆ. ಇದು ತೆಂಗಿನ ಸುಳಿ ಕೊರೆಯೋ ಕೊಂಬಿನ ದುಂಬಿಯ ಮರಿ. ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆ ತರ ಕಾಣುತ್ತಲ್ಲ, ಆ ಕೆಲಸ ಇದರದ್ದೇ. ಬೆಳೆಯೋದು ನಮ್ಮ ತಿಪ್ಪೆಯಲ್ಲಿ, ತಿನ್ನೋದು ನಮ್ಮ ಮರ. ನಾವು ಒಂದು ಬಾಣಲಿ ತುಂಬ ಆರಿಸಿ ಕೋಳಿಗೆ ಹಾಕಿದ್ವಿ. ಉಳಿದದ್ದಕ್ಕೆ ಜನ ಬಂದ್ರು. ಜನ ಅಂದ್ರೆ ಗೊರವಂಕ ಹತ್ತು ಹನ್ನೆರಡು, ಬೆಳ್ಳಕ್ಕಿ ನಾಲ್ಕು, ಒಂದು ಕೆಂಬೂತ. ಕೆಂಬೂತ ಬೇಲಿ ಒಳಗಿಂದ ಬಗ್ಗಿ ನೋಡಿ, ನಾವು ಆ ಕಡೆ ತಿರುಗಿದ ತಕ್ಷಣ ಇಳಿದು ಒಂದು ಹುಳ ಕಚ್ಚಿಕೊಂಡು ಮತ್ತೆ ಬೇಲಿ ಒಳಗೆ. ಮುಂಗುಸಿ ಒಂದು ತಿಪ್ಪೆಯ ಆ ಬದಿಯಲ್ಲಿ ನಿಂತು ತನ್ನ ಪಾಳಿ ಕಾಯ್ತಿತ್ತು. ಗೊಬ್ಬರ ತಿರುವಿ ಮೆಟಾರೈಜಿಯಂ ಪುಡಿ ಕಲಸಿದ ನೀರು ಹಾಕಿ ಮುಚ್ಚಿದೆ. ಅದು ಆ ಹುಳಕ್ಕೆ ರೋಗ ತರೋ ಶಿಲೀಂಧ್ರ. ತೇವ ಇದ್ರೆ ಮಾತ್ರ ಕೆಲಸ ಮಾಡುತ್ತೆ, ಒಣ ತಿಪ್ಪೆಗೆ ಹಾಕಿ ದುಡ್ಡು ಕಳೀಬೇಡಿ.

ನಮ್ಮನೆಯವಳು ಕೆಂಬೂತ ನೋಡ್ತಾ, "ಬೇಲಿ ತೆಗೆದ್ರೆ ಇದೆಲ್ಲಿಗೆ ಹೋಗುತ್ತೋ" ಅಂದಳು. ನಾನು ಏನೂ ಅನ್ನಲಿಲ್ಲ. ಆಮೇಲೆ ಅವಳೇ, "ಎಲ್ಲಿಗಾದ್ರೂ ಹೋಗ್ಲಿ, ಮಗು ಮುಖ್ಯ" ಅಂದಳು.

ರಾತ್ರಿ ಊಟ ಮಾಡಿ ಜಗಲಿ ಮೇಲೆ ಕೂತಿದ್ವಿ. ಇಬ್ಬರಿಗೂ ಮೈಕೈ ನೋವು. ಎಂಟೂವರೆ ಇರಬಹುದು. ಬೇಲಿ ಕಡೆಯಿಂದ ಸಣ್ಣಗೆ, ಚೂಪಾಗಿ ಒಂದು ಸಿಳ್ಳೆ. ಸ್ವಲ್ಪ ಹೊತ್ತಿಗೆ ಗುಂಡುತೋಪಿನ ಕಡೆಯಿಂದ ಇನ್ನೊಂದು. ಅವಳು ನನ್ನ ತೋಳು ಹಿಡಿದು, "ಕೇಳಿಸ್ತಾ? ನಾನು ಹೇಳ್ತಿದ್ದೆನಲ್ಲ, ರಾತ್ರಿ ಯಾರೋ ಸಿಳ್ಳೆ ಹಾಕ್ತಾರೆ ಅಂತ, ಇದೇ" ಅಂದಳು. ಮೂರು ವರ್ಷದಿಂದ ಅವಳು ಅದನ್ನ ಕಳ್ಳರು ಅಂತಲೇ ತಿಳ್ಕೊಂಡು ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ತಿದ್ದಳಂತೆ.

ಟಾರ್ಚಿಗೆ ಮೊಮ್ಮಗಳಿಗೆ ಅಂತ ತಂದಿಟ್ಟಿದ್ದ ಗೊಂಬೆಯ ಡಬ್ಬಿಯ ಕೆಂಪು ಹಾಳೆ ಸುತ್ತಿದೆ. ಬಿಳಿ ಬೆಳಕು ಬಿಟ್ರೆ ರಾತ್ರಿ ಓಡಾಡೋ ಪ್ರಾಣಿಗೆ ಕಣ್ಣು ಕೋರೈಸುತ್ತೆ. ಇಬ್ಬರೂ ನಿಧಾನಕ್ಕೆ ಹೋಗಿ ನಿಂತ್ವಿ. ಲಕ್ಕಿ ಗಿಡದ ಮೇಲೆ, ತೊಂಡೆ ಹಂಬಿನ ನಡುವೆ, ಎರಡು ಕೆಂಡ. ಹತ್ತಿರ ಹತ್ತಿರ ಇರೋ ಎರಡು ಕೆಂಡದುಂಡೆ, ಅಲುಗಾಡದೆ ನಮ್ಮನ್ನೇ ನೋಡ್ತಾ ಇದ್ವು.

ಕಾಡುಪಾಪ.

ನಮ್ಮ ಪಕ್ಕದ ನಾಗವಲ್ಲಿ ಕಾಡುಪಾಪಕ್ಕೆ ಹೆಸರಾದ ಊರು, ನಿಮಗೂ ಗೊತ್ತು. ಆದ್ರೆ ನಮ್ಮ ಹಿತ್ತಲಲ್ಲೇ ಇದೆ ಅಂತ ಅವತ್ತು ಕಣ್ಣಾರೆ ಕಂಡ್ವಿ. ಕಾಲು ಕೆಜಿ ಆಸುಪಾಸು ತೂಕ ಇರಬಹುದು, ಬಾಲ ಇಲ್ಲ, ಕೈಕಾಲು ಒಣ ಕಡ್ಡಿ ತರ. ಮುಖದ ತುಂಬ ಕಣ್ಣು. ಮೆಲ್ಲಗೆ ಒಂದು ಕೈ ಮುಂದಿನ ಕೊಂಬೆಗೆ ಚಾಚುತ್ತೆ, ಹಿಡಿ ಗಟ್ಟಿಯಾದ ಮೇಲೆ ಹಿಂದಿನ ಕಾಲು ಬಿಡುತ್ತೆ. ನೋಡ್ತಾ ಇದ್ದಂಗೆ ಒಂದು ಎಲೆಹುಳ ಹಿಡಿದು, ಎರಡೂ ಕೈಯಲ್ಲಿ ಮಗು ಬಿಸ್ಕತ್ತು ತಿಂದಂಗೆ ತಿಂತು. ಹೊಟ್ಟೆ ಕೆಳಗೆ ಇನ್ನೊಂದು ಸಣ್ಣ ಉಂಡೆ ಅಂಟ್ಕೊಂಡಿತ್ತು. ಮರಿ.

ನಮ್ಮನೆಯವಳು ಅರ್ಧ ಗಂಟೆ ಅಲ್ಲಿಂದ ಅಲುಗಲಿಲ್ಲ. ಅದು ಲಕ್ಕಿಯಿಂದ ಗೊಬ್ಬರದ ಗಿಡಕ್ಕೆ, ಅಲ್ಲಿಂದ ಹೊಂಗೆಗೆ, ಹೊಂಗೆಯಿಂದ ತೋಪಿನ ಹುಣಸೆ ಮರಕ್ಕೆ ದಾಟಿ ಕತ್ತಲೆಗೆ ಹೋಯ್ತು. ಒಂದು ಸಲವೂ ನೆಲಕ್ಕೆ ಇಳಿಯಲಿಲ್ಲ, ಒಂದು ಸಲವೂ ಹಾರಲಿಲ್ಲ.

ಇಲ್ಲಿದೆ ನೋಡಿ ವಿಷಯ. ಕಾಡುಪಾಪ ಕೋತಿ ತರ ಒಂದು ಮರದಿಂದ ಇನ್ನೊಂದಕ್ಕೆ ನೆಗೆಯಲ್ಲ. ಕೊಂಬೆಗೆ ಕೊಂಬೆ ತಾಗಿದ್ರೆ ಮಾತ್ರ ದಾಟುತ್ತೆ. ನಡುವೆ ಬಯಲು ಬಂದ್ರೆ ನೆಲಕ್ಕೆ ಇಳಿದು ನಡೆಯಬೇಕು. ನೆಲಕ್ಕೆ ಇಳಿದ್ರೆ ನಾಯಿ, ಬೆಕ್ಕು, ರಸ್ತೆ ಇದ್ದ ಕಡೆ ಗಾಡಿ ಚಕ್ರ. ತೆಂಗಿನ ಮರಕ್ಕೆ ಕೊಂಬೆ ಇಲ್ಲ, ಅದಕ್ಕೆ ನಮ್ಮ ತೋಟ ಎಷ್ಟು ಹಸಿರಾಗಿದ್ರೂ ಅದಕ್ಕೆ ದಾರಿ ಆಗಲ್ಲ. ನಮ್ಮ ಕಡೆ ಅದಕ್ಕೆ ದಾರಿ ಅಂದ್ರೆ ಹಳೇ ಬೇಲಿಗಳೇ. ಹಗಲು ಮಲಗೋದೂ ಮುಳ್ಳು, ಹಂಬು ದಟ್ಟವಾಗಿರೋ ಕಡೆಯೇ. ತಾಯಿ ಮೇವಿಗೆ ಹೋಗುವಾಗ ಸ್ವಲ್ಪ ಬೆಳೆದ ಮರಿನ ಕೊಂಬೆ ಮೇಲೆ ಬಿಟ್ಟು ಹೋಗುತ್ತೆ. ಬೆಳಿಗ್ಗೆ ಜೆಸಿಬಿ ಬಂದು ಹಲ್ಲು ಹಾಕಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬೇಲಿ ಬುಡ ಸವರಿದ್ವಿ. ಲಂಟಾನ, ಕಾಂಗ್ರೆಸ್ ಗಿಡ ಕಿತ್ತು ರಾಶಿ ಹಾಕಿದ್ವಿ. ಯಾವ ಕಡೆಯಿಂದಾದ್ರೂ ಬೇಲಿ ಉಳಿಸೋ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ರಾತ್ರಿ ಒಂಟಿಯಾಗಿ ಇರೋಳು ಅವಳು. ಅವಳ ಭಯನ ನಾನು ಹಗಲು ಹೊತ್ತಲ್ಲಿ ನಿಂತು ಚಿಲ್ಲರೆ ಅನ್ನೋಕಾಗಲ್ಲ. ಮೂರು ಗಂಟೆಗೆ ಕುಡುಗೋಲು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿ, "ಇವತ್ತು ನಾನು ಒಲೆ ಹಚ್ಚಲ್ಲ" ಅಂದಳು.

ನಾಲ್ಕೂವರೆಗೇ ಹಾಲು ಕರೆದು ಡೈರಿಗೆ ಹಾಕಿ, ಹಸುಗೆ ಮೇವು ಹಾಕಿ, ಬೈಕಲ್ಲಿ ಕ್ಯಾತ್ಸಂದ್ರಕ್ಕೆ ಹೊರಟ್ವಿ. ತಟ್ಟೆ ಇಡ್ಲಿ ತಿನ್ನೋಕೆ ಬೆಂಗಳೂರಿನವರು ಹೈವೇ ಬಿಟ್ಟು ಒಳಗೆ ಬರ್ತಾರೆ, ಇಷ್ಟು ಹತ್ತಿರ ಇರೋ ನಾವು ವರ್ಷಕ್ಕೊಂದು ಸಲ ಹೋದ್ರೆ ಹೆಚ್ಚು. ಚಳಿ ಶುರುವಾಗಿತ್ತು, ಅವಳು ಸ್ವೆಟರ್ ಮೇಲೆ ಸೆರಗು ಹೊದ್ದು ಕೂತಿದ್ದಳು.

ಹೋಟೆಲಲ್ಲಿ ಜನ ಇದ್ರು, ಮೂಲೆಯಲ್ಲಿ ಒಂದು ಟೇಬಲ್ ಸಿಕ್ತು. ತಟ್ಟೆ ಅಗಲದ ಇಡ್ಲಿ, ಮೇಲೆ ಬೆಣ್ಣೆ, ಬಿಸಿಗೆ ಕರಗಿ ಅಂಚಿಗೆ ಇಳೀತಿತ್ತು. ಪಕ್ಕದಲ್ಲಿ ಕಾಯಿ ಚಟ್ನಿ. ಒಂದೊಂದು ವಡೆ. ಅವಳು ಮೊದಲನೇ ಇಡ್ಲಿ ಮಾತಾಡದೆ ತಿಂದಳು. ಎರಡನೇದು ಬಂದಾಗ, "ಬಿಸಿಬಿಸಿದು, ನಡುವೆ ಏಳದೆ ಕೂತು ತಿಂದು ಎಷ್ಟು ವರ್ಷ ಆಯ್ತೋ" ಅಂದಳು. ಯೋಚನೆ ಮಾಡಿ ನೋಡಿದೆ. ಮೂವತ್ತು ವರ್ಷದಲ್ಲಿ ಮನೇಲಿ ಅವಳ ತಟ್ಟೆ ಬಿಸಿ ಇದ್ದದ್ದು ನಾನು ನೋಡಿಲ್ಲ. ಮುದ್ದೆ ಎಲ್ಲರಿಗೂ ಇಟ್ಟು, ಸಾರು ಬಡಿಸಿ, ನೀರು ಕೊಟ್ಟು ಅವಳು ಕೂರೋ ಹೊತ್ತಿಗೆ ಮುದ್ದೆ ತಣ್ಣಗಾಗಿರುತ್ತೆ. ನಿಮ್ಮ ಮನೇಲೂ ಹಂಗೇ ಇರಬೇಕು, ನೋಡಿ ಒಂದು ಸಲ.

ಕಾಫಿ ಬಂದ ಮೇಲೆ ಅವಳೇ ಮಾತು ತೆಗೆದಳು.

"ಜೆಸಿಬಿಯವನಿಗೆ ಬೇಡ ಅಂತ ಹೇಳಿ."

"ಮಗು?"

"ಮಗು ನೆಲದ ಮೇಲೆ ಓಡಾಡುತ್ತೆ. ಚಿರತೆ ಕೂರೋದೂ ನೆಲದ ಪೊದೆಯಲ್ಲೇ. ಹಾವೂ ಕೆಳಗೇ. ನಮಗೆ ಭಯ ಇರೋದೆಲ್ಲ ಸೊಂಟದಿಂದ ಕೆಳಗೆ." ಲೋಟದ ಬುಡದ ನೀರಲ್ಲಿ ಬೆರಳು ಅದ್ದಿ ಟೇಬಲ್ ಮೇಲೆ ಎರಡು ಗೆರೆ ಎಳೆದಳು, ಒಂದು ಕೆಳಗೆ, ಒಂದು ಮೇಲೆ. "ಅದು ನೆಲಕ್ಕೆ ಇಳೀಲೇ ಇಲ್ಲ ಅಲ್ವ ನಿನ್ನೆ? ಬೇಲಿ ಮೇಲಿನದು ಅದಕ್ಕೆ, ಕೆಳಗಿನದು ನಮಗೆ. ಕೆಳಗೆ ಪೂರ್ತಿ ಬಯಲು ಮಾಡಿ. ಈ ಕಡೆ ನಿಂತ್ರೆ ಆ ಕಡೆ ಕಾಣಬೇಕು. ಒಳಗಡೆಗೆ ಮೆಶ್ ಹಾಕಿ. ಮೇಲೆ ಮುಟ್ಟಬೇಡಿ."

ಇಷ್ಟು ಸರಳ ಲೆಕ್ಕ. ಬಿಲ್ಲು ಇಬ್ಬರದ್ದೂ ಸೇರಿ ಇನ್ನೂರರ ಒಳಗೇ ಆಯ್ತು. ವಾಪಸ್ ಬರುವಾಗ ದಾರಿಯಲ್ಲೇ ಪಕ್ಕದ ತೋಟದ ಅಣ್ಣನಿಗೆ ಫೋನ್ ಮಾಡಿ ಜೆಸಿಬಿ ಬೇಡ ಅಂದೆ. "ಒಂದು ಪ್ರಾಣಿಗೆ ಅಂತ ಇಷ್ಟೆಲ್ಲಾನಾ" ಅಂತ ನಕ್ಕರು. ನಗ್ಲಿ.

ಈಗ ನಾವು ಮಾಡ್ತಿರೋದನ್ನ ಬರೀತೀನಿ. ನಿಮ್ಮ ಬೇಲಿಗೂ ಆಗಬಹುದು.

ಒಂದು, ನೆಲದಿಂದ ಎದೆಮಟ್ಟದವರೆಗೆ ಲಂಟಾನ, ಮುಳ್ಳು, ಕಳೆ ಪೂರ್ತಿ ತೆಗೆದಿದ್ದೀವಿ. ಬುಡದ ಕಾಂಡ ಮಾತ್ರ ಬಿಟ್ಟಿದೆ. ಕಳೆನಾಶಕ ಹೊಡೀಲಿಲ್ಲ. ಲಂಟಾನ ಬೇರುಸಮೇತ ಕಿತ್ತರೆ ಮಾತ್ರ ಹೋಗುತ್ತೆ, ಮೇಲೆ ಸವರಿದ್ರೆ ಮುಂದಿನ ಮಳೆಗೆ ದುಪ್ಪಟ್ಟು.

ಎರಡು, ಮೇಲಿನ ಕೊಂಬೆಗಳು ಒಂದಕ್ಕೊಂದು ತಾಗಿರೋದನ್ನ ಹಂಗೇ ಬಿಟ್ಟಿದ್ದೀವಿ. ಗೊಬ್ಬರದ ಗಿಡದ ಸೊಪ್ಪು ನಮಗೆ ಬೇಕೇ ಬೇಕು. ಅದಕ್ಕೆ ಒಂದು ಗಿಡ ಬಿಟ್ಟು ಒಂದು ಗಿಡ ಸವರ್ತೀವಿ. ಸವರಿದ್ದು ಚಿಗುರಿ ಪಕ್ಕದ್ದಕ್ಕೆ ತಾಗಿದ ಮೇಲೆ ಉಳಿದದ್ದು. ಸೊಪ್ಪೂ ಸಿಗುತ್ತೆ, ದಾರಿಯೂ ಕಡಿಯಲ್ಲ.

ಮೂರು, ಗೇಟಿನ ಹತ್ತಿರ ಹಳೇ ಹೊಂಗೆ ಬಿದ್ದು ಹನ್ನೆರಡು ಅಡಿ ಕಿಂಡಿ ಇತ್ತು. ಅಲ್ಲಿ ಎರಡು ಬಿದಿರು ಗಳ ಅಡ್ಡ ಕಟ್ಟಿ ಎರಡೂ ಬದಿ ಕೊಂಬೆಗೆ ಬಿಗಿದಿದ್ದೀನಿ. ಕೆಳಗೆ ಹೊಸ ಹೊಂಗೆ ಸಸಿ ನೆಟ್ಟಿದೆ. ಅದು ಬೆಳೆಯೋವರೆಗೆ ಬಿದಿರೇ ಸೇತುವೆ.

ನಾಲ್ಕು, ತೋಪಿನ ಕಡೆ ತುದಿಯಲ್ಲಿ, ಮನೆಯಿಂದ ದೂರ, ಒಂದು ದಟ್ಟ ಹಂಬಿನ ಗುಂಪು ಮುಟ್ಟದೆ ಬಿಟ್ಟಿದೆ. ಹಗಲು ಮಲಗೋಕೆ ಅದಕ್ಕೂ ಒಂದು ಕೋಣೆ ಬೇಕಲ್ಲ.

ಐದು, ಕರೆಂಟ್ ತಂತಿಗೆ ತಾಗೋ ಕೊಂಬೆ ಮಾತ್ರ ಇರಬಾರದು. ತಂತಿ ಹಿಡಿದ್ರೆ ಅದೂ ಸಾಯುತ್ತೆ, ಕೊಂಬೆ ಕಡಿಯೋಕೆ ಹೋದ ನಾವೂ ಸಾಯ್ತೀವಿ. ಲೈನ್ ಆಫ್ ಮಾಡಿಸಿ ಲೈನ್‌ಮನ್ ಕೈಯಲ್ಲೇ ಕಡಿಸಿ.

ಖರ್ಚು ಎಷ್ಟು ಅಂತ ಕೇಳ್ತೀರ. ಕಲ್ಲುಕಂಬ ಹಳೇವು ಇದ್ವು. ಮಗು ಓಡಾಡೋ ಜಾಗಕ್ಕೆ ಮಾತ್ರ, ಅಂದ್ರೆ ಅರವತ್ತು ಅಡಿಗೆ, ನಾಲ್ಕಡಿ ಎತ್ತರದ ಮೆಶ್ ತರ್ತೀನಿ. ಪೂರ್ತಿ ನೂರಾ ನಲವತ್ತು ಅಡಿಗೆ ಹಾಕೋದಕ್ಕಿಂತ ಅರ್ಧಕ್ಕಿಂತ ಕಡಿಮೆ. ಜೆಸಿಬಿ ಬಾಡಿಗೆ ಉಳೀತು. ಚಿರತೆಗೆ ನಾಲ್ಕಡಿ ಮೆಶ್ ಲೆಕ್ಕಕ್ಕಿಲ್ಲ, ಅದು ನನಗೂ ಗೊತ್ತು. ಅದಕ್ಕೆ ಬೇಲಿ ಬುಡ ಬಯಲು ಮಾಡಿದ್ದು, ಕೊಟ್ಟಿಗೆಗೆ ಬಾಗಿಲು ಹಾಕಿಸಿದ್ದು, ಹಿತ್ತಲಿಗೆ ರಾತ್ರಿಯೆಲ್ಲ ಒಂದು ಎಲ್‌ಇಡಿ ಬಲ್ಬು. ಬಲ್ಬು ಮನೆ ಕಡೆಗೆ ತಿರುಗಿಸಿದೆ, ಬೇಲಿ ಕಡೆಗಲ್ಲ. ನಾಯಿನೂ ರಾತ್ರಿ ಒಳಗೇ ಕಟ್ತೀವಿ. ಚಿರತೆ ಊರೊಳಗೆ ಬರೋದೇ ನಾಯಿ, ಕುರಿ ಆಸೆಗೆ.

ಕೊನೇದಾಗಿ ಒಂದು ಕಿವಿಮಾತು. ಕಾಡುಪಾಪ ಕಂಡ್ರೆ ಅಪಶಕುನ ಅಂತಾನೋ, ಮಾಟಕ್ಕೆ ಬೇಕು ಅಂತಾನೋ, ಕಣ್ಣಿನ ಔಷಧಿ ಅಂತಾನೋ ಹಿಡಿಯೋರು ನಮ್ಮ ಕಡೆ ಇನ್ನೂ ಇದ್ದಾರೆ. ಔಷಧಿನೂ ಇಲ್ಲ, ಮಾಟನೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರೋ ಪ್ರಾಣಿ ಅದು, ಹಿಡಿದ್ರೆ ಜೈಲು. ಅದು ತಿನ್ನೋದು ಇರುವೆ, ಹುಳ, ದುಂಬಿ, ಮರದ ಅಂಟು. ನಮ್ಮ ಬೆಳೆಗೆ ಒಂದು ಕಾಳೂ ನಷ್ಟ ಇಲ್ಲ. ಗಾಯ ಆಗಿ ಬಿದ್ದಿದ್ರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಮನೆಗೆ ತಂದು ಸಾಕೋಕೆ ಹೋಗಬೇಡಿ. ಫೋಟೋ ಕೇಳಬೇಡಿ, ನಾನು ತೆಗೆದಿಲ್ಲ. ನಮ್ಮ ಬೇಲಿ ಎಲ್ಲಿ ಅಂತ ಗೊತ್ತಿರೋರು ಹೊರಗಿನವರಿಗೆ ದಾರಿ ತೋರಿಸಬೇಡಿ.

ನಿಮ್ಮ ಹಳೇ ಬೇಲಿ ತೆಗೆಸೋ ಮುಂಚೆ ಒಂದು ರಾತ್ರಿ, ಎಂಟು ಗಂಟೆ ಮೇಲೆ, ಅರ್ಧ ಗಂಟೆ ಸುಮ್ಮನೆ ನಿಂತು ಕೇಳಿ. ಸಿಳ್ಳೆ ಕೇಳಿಸಿದ್ರೆ ನನಗೆ ಫೋನ್ ಮಾಡಿ, ನಂಬರ್ ನಿಮ್ಮ ಹತ್ರ ಇದೆ. ಬೇಲಿ ಬುಡ ಸವರೋಕೆ ಒಂದು ದಿನ ನಾವಿಬ್ಬರೂ ಬರ್ತೀವಿ. ಅವತ್ತು ನಿಮ್ಮನೇಲಿ ಅಡುಗೆ ಬೇಡ, ನಮ್ಮನೆಯವಳು ಹೇಳ್ತಿದ್ದಾಳೆ, ಎಲ್ಲರೂ ಸೇರಿ ಕ್ಯಾತ್ಸಂದ್ರಕ್ಕೆ ಹೋಗೋಣ ಅಂತ.